‘ನಮ್ಮ ಹೆಂಗಸರು ಹೀಗೆ ನಡೆದುಕೊಳ್ಳುವುದಿಲ್ಲ’: ಜನಪ್ರಿಯ ಸಿನಿಮಾ ಮತ್ತು ಲೈಂಗಿಕ ಹಿಂಸೆ

(ಕಾಲೇಜು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಅಧ್ಯಾಪಕ ಮಿತ್ರರೆ, ವಿದ್ಯಾರ್ಥಿ ಮಿತ್ರರೆ,

2020ರ ಜೂನ್ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಅತ್ಯಾಚಾರ ಪ್ರಕರಣವೊಂದರಲ್ಲಿ ಆರೋಪಿಗೆ ನಿರೀಕ್ಷಣಾ ಜಾಮೀನು ನೀಡಿತು. ಜಾಮೀನು ಕೊಡುವುದು, ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು; ಅದನ್ನು ಇಲ್ಲಿ ಚರ್ಚಿಸುವ ಉದ್ದೇಶ ನನಗಿಲ್ಲ. ಆದರೆ ಆ ಆದೇಶದಲ್ಲಿ ದೂರು ಕೊಟ್ಟ ಹೆಣ್ಣಿನ ನಡವಳಿಕೆಯ ಬಗ್ಗೆ ಕೆಲವು ಮಾತುಗಳಿದ್ದವು. ಆಕೆ ರಾತ್ರಿ ಹನ್ನೊಂದು ಗಂಟೆಗೆ ಕಚೇರಿಗೆ ಏಕೆ ಹೋದಳು, ಆರೋಪಿಯ ಜೊತೆ ಕುಡಿಯಲು ಏಕೆ ಆಕ್ಷೇಪಿಸಲಿಲ್ಲ ಎಂಬ ಪ್ರಶ್ನೆಗಳ ಜೊತೆಗೆ, ಕೃತ್ಯ ನಡೆದ ಮೇಲೆ ದಣಿದು ನಿದ್ದೆ ಹೋದೆ ಎಂದು ಆಕೆ ಹೇಳಿರುವುದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ, ಬಲಾತ್ಕಾರಕ್ಕೆ ಒಳಗಾದಾಗ ನಮ್ಮ ಹೆಂಗಸರು ನಡೆದುಕೊಳ್ಳುವ ರೀತಿ ಇದಲ್ಲ ಎಂಬ ಅರ್ಥದ ವಾಕ್ಯವೂ ಇತ್ತು. ದೇಶದ ಹಲವು ಕಡೆಗಳಿಂದ ಆಕ್ಷೇಪ ಬಂದ ಬಳಿಕ, ಜುಲೈ ಮೊದಲ ವಾರದಲ್ಲಿ ನ್ಯಾಯಾಲಯವೇ ಆ ಸಾಲುಗಳನ್ನು ಆದೇಶದಿಂದ ತೆಗೆದುಹಾಕಿತು.

ಸಾಲುಗಳು ಹೋದವು. ಆದರೆ ಅವುಗಳ ಹಿಂದಿದ್ದ ಖಚಿತತೆಯ ಬಗ್ಗೆ ನಾವು ಯೋಚಿಸಬೇಕು. ಬಲಾತ್ಕಾರ ನಡೆದ ನಂತರದ ಗಂಟೆಗಳಲ್ಲಿ ಒಬ್ಬ ಹೆಣ್ಣುಮಗಳು ಏನು ಮಾಡುತ್ತಾಳೆ ಎಂಬುದನ್ನು, ವೈದ್ಯರು ಮತ್ತು ಆಪ್ತ ಸಮಾಲೋಚಕರನ್ನು ಬಿಟ್ಟರೆ, ನಮ್ಮಲ್ಲಿ ಕಣ್ಣಾರೆ ಕಂಡವರು ಬಹಳ ಕಡಿಮೆ. ಅಂಥ ನೋವು ಉಂಡವರು ನಮ್ಮ ಮನೆಯಲ್ಲೇ ಇದ್ದರೂ ಅದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಹಾಗಿದ್ದೂ ನಮಗೆಲ್ಲ ಗೊತ್ತಿದೆ ಎಂದುಕೊಂಡಿದ್ದೇವೆ: ಅವಳು ಕೂಗುತ್ತಾಳೆ, ಉಗುರಿನಿಂದ ಪರಚುತ್ತಾಳೆ, ಬಳೆ ಒಡೆಯುತ್ತವೆ, ಸೀರೆ ಹರಿಯುತ್ತದೆ, ಆಮೇಲೆ ಮೂಲೆಯಲ್ಲಿ ಕುಸಿದು ಕೂತು ಗೋಡೆಯನ್ನು ದಿಟ್ಟಿಸುತ್ತಾಳೆ, ಇಲ್ಲವೇ ಬಾವಿಯ ಕಡೆ ಓಡುತ್ತಾಳೆ. ಈ ತಿಳಿವಳಿಕೆ ನಮಗೆ ಯಾವ ಅನುಭವದಿಂದಲೂ ಬಂದದ್ದಲ್ಲ. ಕನ್ನಡದಲ್ಲೋ ಹಿಂದಿಯಲ್ಲೋ ತೆಲುಗು, ತಮಿಳುಗಳಲ್ಲೋ ಚಿಕ್ಕಂದಿನಿಂದ ಮತ್ತೆ ಮತ್ತೆ ನೋಡಿದ ದೃಶ್ಯದಿಂದ ಬಂದದ್ದು. ಆ ಆದೇಶ ಬರೆದವರು ಸಿನಿಮಾ ನೋಡಿ ಬರೆದರು ಎಂದು ನಾನು ಆರೋಪಿಸುತ್ತಿಲ್ಲ. ಅವರೂ ನಾವೂ ಒಂದೇ ಗಾಳಿಯನ್ನು ಉಸಿರಾಡುತ್ತಿದ್ದೇವೆ ಎನ್ನುತ್ತಿದ್ದೇನೆ.

ಸಿನಿಮಾಕ್ಕೂ ಲೈಂಗಿಕ ಹಿಂಸೆಗೂ ಇರುವ ಸಂಬಂಧದ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ. ಸಿನಿಮಾ ನೋಡಿ ಗಂಡಸರು ಅತ್ಯಾಚಾರ ಮಾಡುತ್ತಾರೆಯೇ? ಹೌದು ಎನ್ನುವವರು ಒಂದು ಕಡೆ. ಸಿನಿಮಾ ಹುಟ್ಟುವ ಮೊದಲೂ ಅತ್ಯಾಚಾರ ಇತ್ತಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ಸತ್ಯ, ಆದರೆ ಅದು ವಿಷಯವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಜನಪ್ರಿಯ ಸಿನಿಮಾದ ದೊಡ್ಡ ಪರಿಣಾಮ ಅಪರಾಧಿಯ ಮೇಲೆ ಆಗುವುದಕ್ಕಿಂತ ಹೆಚ್ಚಾಗಿ ಅಪರಾಧವನ್ನು ಕೇಳಿಸಿಕೊಳ್ಳುವವರ ಮೇಲೆ, ಅಂದರೆ ದೂರು ಬರೆದುಕೊಳ್ಳುವ ಪೊಲೀಸರ ಮೇಲೆ, ಪರೀಕ್ಷೆ ಮಾಡುವ ವೈದ್ಯರ ಮೇಲೆ, ತೀರ್ಪು ಕೊಡುವವರ ಮೇಲೆ, ಪಕ್ಕದ ಮನೆಯವರ ಮೇಲೆ, ಕೊನೆಗೆ ಆ ಹೆಣ್ಣಿನ ಮೇಲೆಯೇ ಆಗಿದೆ ಎಂಬುದು ನನ್ನ ವಾದ. ಯಾವುದು ಹಿಂಸೆ, ಯಾವುದು ಪ್ರೀತಿ, ಯಾರು ನಂಬಿಕೆಗೆ ಅರ್ಹಳು, ನಷ್ಟ ಆದದ್ದು ಯಾರಿಗೆ ಎಂಬ ನಾಲ್ಕೂ ಪ್ರಶ್ನೆಗಳಿಗೆ ಸಿನಿಮಾ ಸಿದ್ಧ ಉತ್ತರಗಳನ್ನು ಕಲಿಸಿಟ್ಟಿದೆ. ಆ ಉತ್ತರಗಳಿಗೆ ಹೊಂದದ ಹಿಂಸೆ ಕಣ್ಣೆದುರಿಗೇ ನಡೆದರೂ ನಮಗೆ ಹಿಂಸೆಯಾಗಿ ಕಾಣುವುದಿಲ್ಲ.

ಮೊದಲು ಆ ಹಳೆಯ ದೃಶ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಎಪ್ಪತ್ತು, ಎಂಬತ್ತರ ದಶಕಗಳ ಮಾಸ್ ಚಿತ್ರಗಳಲ್ಲಿ ನಾಯಕನಿಗೆ ಒಬ್ಬ ತಂಗಿ ಇರುತ್ತಿದ್ದಳು. ಮೊದಲ ಅರ್ಧ ಗಂಟೆಯಲ್ಲಿ ಅವಳಿಗೆ ಅಣ್ಣನ ಜೊತೆ ಒಂದು ಹಾಡು, ಒಂದು ಹಬ್ಬ, ಒಂದು ಮದುವೆಯ ಪ್ರಸ್ತಾಪ. ಆಮೇಲೆ ಒಂದು ಸಂಜೆ ಮಳೆ ಬರುತ್ತದೆ. ಅವಳು ಒಬ್ಬಳೇ ಬರುತ್ತಿರುತ್ತಾಳೆ, ಅಥವಾ ಸಾಹುಕಾರನ ಬಂಗಲೆಗೆ ಸಾಲ ತೀರಿಸಲು ಹೋಗಿರುತ್ತಾಳೆ. ಬಾಗಿಲ ಚಿಲಕ ಬೀಳುತ್ತದೆ. ಕ್ಯಾಮೆರಾ ಮೊದಲು ಖಳನ ಕಣ್ಣನ್ನು ತೋರಿಸುತ್ತದೆ, ನಂತರ ಆ ಕಣ್ಣಿನ ಜಾಗದಲ್ಲೇ ನಿಂತು ಅವಳನ್ನು ನೋಡುತ್ತದೆ. ಜಾರಿದ ಸೆರಗು, ಹರಿದ ರವಿಕೆ, ಬೆವೆತ ಕುತ್ತಿಗೆ ಎಂದು ಅವಳ ಮೈಯನ್ನು ತುಂಡು ತುಂಡಾಗಿ ಕತ್ತರಿಸಿ ತೋರಿಸುತ್ತದೆ. ಹಿಂಸೆ ತಡೆಯಲಾರದಷ್ಟಾದಾಗ ಮಿಂಚು, ಒಡೆದ ಹೂಕುಂಡ, ಜಿಂಕೆಯ ಮೇಲೆರಗುವ ಹುಲಿ. ಮರುದಿನ ಬೆಳಿಗ್ಗೆ ಅವಳು ಬಾವಿಯಲ್ಲೋ ಹಗ್ಗದಲ್ಲೋ ಸಿಗುತ್ತಾಳೆ, ಕ್ಷಮೆ ಕೇಳುವ ಒಂದು ಪತ್ರ ಬಿಟ್ಟು. ಅಣ್ಣ ಶವದ ಮುಂದೆ ಶಪಥ ಮಾಡುತ್ತಾನೆ. ಅಲ್ಲಿಂದ ಮುಂದಿನ ಒಂದೂವರೆ ಗಂಟೆ ಅವನದು.

ಇಂಥ ಒಂದು ಚಿತ್ರದ ಕೆಲವು ಭಾಗಗಳನ್ನು ನಾನು ತರಗತಿಯಲ್ಲಿ ತೋರಿಸಿ, ಅದರ ಪಾತ್ರಗಳ ಹೆಸರುಗಳನ್ನು ಬರೆಯಲು ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ನಾಯಕನ ಹೆಸರು ಎಲ್ಲರಿಗೂ ನೆನಪಿತ್ತು, ಖಳನ ಹೆಸರೂ ಇತ್ತು, ಹಾಸ್ಯ ಪಾತ್ರದ್ದೂ ಇತ್ತು. ಆ ಹುಡುಗಿಯ ಜಾಗದಲ್ಲಿ ಬಹುಪಾಲು ಮಂದಿ ಬರೆದದ್ದು ‘ಹೀರೋ ತಂಗಿ’ ಎಂದು. ಕೆಲವರು ‘ರೇಪ್ ಆದ ಹುಡುಗಿ’ ಎಂದು ಬರೆದಿದ್ದರು. ಅವಳ ಹೆಸರನ್ನು ಅಣ್ಣ ಹಾಡಿನಲ್ಲೇ ಹಲವು ಬಾರಿ ಕರೆದಿದ್ದ. ವಿದ್ಯಾರ್ಥಿಗಳ ಮರೆವು ಇದಕ್ಕೆ ಕಾರಣವಲ್ಲ. ಅವಳನ್ನು ಮರೆಯುವ ಹಾಗೆಯೇ ಆ ಕಥೆಯನ್ನು ಕಟ್ಟಲಾಗಿತ್ತು. ಅವಳಿಗೆ ಆದ ಅನ್ಯಾಯ ಅಣ್ಣನ ಸೇಡಿಗೆ ಬಂಡವಾಳ. ಅಷ್ಟು ಒದಗಿಸಿದ ಮೇಲೆ ಅವಳು ಬದುಕಿರುವ ಅಗತ್ಯ ಕಥೆಗೆ ಇಲ್ಲ.

ಈ ದೃಶ್ಯ ಕಲಿಸುವ ಪಾಠಗಳನ್ನು ವಾಸ್ತವದ ಪಕ್ಕ ಇಟ್ಟು ನೋಡಿ. ತೆರೆಯ ಮೇಲೆ ಅತ್ಯಾಚಾರಿ ಅಪರಿಚಿತ, ಇಲ್ಲವೇ ಹುಟ್ಟಾ ದುಷ್ಟ. ಅವನ ನಗುವಿನಲ್ಲೇ ಅದು ಗೊತ್ತಾಗುತ್ತದೆ. ವಾಸ್ತವದಲ್ಲಿ, ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಎನ್‌ಸಿಆರ್‌ಬಿಯ ವರದಿಗಳು ವರ್ಷದಿಂದ ವರ್ಷಕ್ಕೆ ಹೇಳುತ್ತ ಬಂದಿರುವಂತೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನು: ಮನೆಯವನು, ನೆಂಟ, ನೆರೆಯವನು, ಗೆಳೆಯ, ಕೆಲಸ ಕೊಟ್ಟವನು, ಮದುವೆಯಾಗುತ್ತೇನೆಂದು ನಂಬಿಸಿದವನು. 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು ಒಟ್ಟು 31,516. ದಾಖಲಾಗದವು ಇದಕ್ಕಿಂತ ಎಷ್ಟೋ ಹೆಚ್ಚು. ಗೊತ್ತಿದ್ದವನು ಕೈಹಾಕಿದಾಗ ಎಷ್ಟೋ ಸಲ ಹೆಣ್ಣು ಮೊದಲು ಕೂಗುವುದಿಲ್ಲ. ನಡೆಯುತ್ತಿರುವುದು ಏನೆಂದು ಅವಳ ಮನಸ್ಸು ಒಪ್ಪಿಕೊಳ್ಳಲೇ ಸಮಯ ಬೇಕು. ಭಯದಲ್ಲಿ ಮೈ ಮರಗಟ್ಟುವುದನ್ನು, ನಾಲಗೆ ಏಳದೇ ಹೋಗುವುದನ್ನು ಇವರಿಗೆ ಚಿಕಿತ್ಸೆ ನೀಡುವವರೆಲ್ಲ ಬಲ್ಲರು. ಆಮೇಲೆ ನಿದ್ದೆ ಬರಬಹುದು, ಮರುದಿನ ಕೆಲಸಕ್ಕೆ ಹೋಗಬಹುದು, ಅವನಿಗೇ ಸಂದೇಶ ಕಳಿಸಿ ಹಾಗೇಕೆ ಮಾಡಿದೆ ಎಂದು ಕೇಳಬಹುದು, ವಾರಗಟ್ಟಲೆ ಯಾರಿಗೂ ಹೇಳದಿರಬಹುದು. ಇವು ಯಾವುವೂ ನಮ್ಮ ದೃಶ್ಯದಲ್ಲಿ ಇಲ್ಲ. ಆದ್ದರಿಂದಲೇ ಠಾಣೆಯಲ್ಲಿ ಅವಳು ಹೇಳುವ ಮಾತು ಕಟ್ಟುಕಥೆಯಂತೆ ಕೇಳಿಸುತ್ತದೆ, ತೆರೆಯ ಮೇಲಿನ ಕಟ್ಟುಕಥೆ ಸತ್ಯದಂತೆ ನೆನಪಿರುತ್ತದೆ.

ನ್ಯಾಯಾಲಯಗಳ ಇತಿಹಾಸದಲ್ಲೂ ಇದೇ ನೆರಳು ಬಹಳ ಹಿಂದಿನಿಂದ ಬಿದ್ದಿದೆ. 1972ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನೂ ಖುಲಾಸೆ ಮಾಡಿತು. ಅವಳ ಮೈಮೇಲೆ ಗಾಯದ ಗುರುತುಗಳಿರಲಿಲ್ಲ, ಅವಳು ಪ್ರತಿಭಟಿಸಿದ ಲಕ್ಷಣ ಇರಲಿಲ್ಲ ಎಂಬುದು ಮುಖ್ಯ ಕಾರಣವಾಗಿತ್ತು. ಉಪೇಂದ್ರ ಬಕ್ಷಿ, ವಸುಧಾ ಧಗಮ್‌ವಾರ್, ರಘುನಾಥ್ ಕೇಳ್ಕರ್, ಲೋತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ಹೆದರಿ ಸುಮ್ಮನಾಗುವುದಕ್ಕೂ ಒಪ್ಪಿಗೆ ಕೊಡುವುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿದರು. ಆ ಪತ್ರದಿಂದ ದೇಶದಾದ್ಯಂತ ಚಳವಳಿ ಹಬ್ಬಿತು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸ್ ಠಾಣೆಯೊಳಗೆ, ರಾತ್ರಿ ಹೊತ್ತಿನಲ್ಲಿ, ಇಬ್ಬರು ಪೊಲೀಸರ ಎದುರು ಬಡ ಹುಡುಗಿಯೊಬ್ಬಳು ಬಳೆ ಒಡೆಯುವಂತೆ ಹೋರಾಡಬೇಕಿತ್ತು ಎಂದು ನಿರೀಕ್ಷಿಸುವುದಕ್ಕೆ ಕಾನೂನಿನ ಪುಸ್ತಕ ಓದಿದರೆ ಸಾಲದು. ಹೆಣ್ಣು ಹೇಗಿರಬೇಕು ಎಂಬ ಒಂದು ಚಿತ್ರವೂ ಮನಸ್ಸಿನಲ್ಲಿ ಮೊದಲೇ ಇರಬೇಕು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಆ ಚಳವಳಿ ಬೀದಿಯಲ್ಲಿದ್ದಾಗಲೇ, 1980ರಲ್ಲಿ, ಬಿ.ಆರ್. ಚೋಪ್ರಾ ಅವರ ‘ಇನ್ಸಾಫ್ ಕಾ ತರಾಜು’ ಎಂಬ ಹಿಂದಿ ಚಿತ್ರ ಬಂತು. ದೂರು ಕೊಡುವ ಹೆಣ್ಣನ್ನು ನ್ಯಾಯಾಲಯ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಅದು ಜನರ ಮುಂದಿಟ್ಟಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಅದೇ ಚಿತ್ರ ಅತ್ಯಾಚಾರದ ದೃಶ್ಯವನ್ನು ದೀರ್ಘವಾಗಿ, ಪೋಸ್ಟರಿಗೆ ಒದಗುವಂತೆ ಚಿತ್ರಿಸಿತು. ನ್ಯಾಯ ಕೇಳುವ ಮಾತು ಸಂಭಾಷಣೆಯಲ್ಲಿ, ನೋಡಿ ಸುಖಿಸುವ ಆಹ್ವಾನ ಕ್ಯಾಮೆರಾದಲ್ಲಿ. ಆಮೇಲೆ ಬಂದ ಎಷ್ಟೋ ಚಿತ್ರಗಳು, ಹೆಣ್ಣೇ ದುರ್ಗಿಯಾಗಿ ಕತ್ತಿ ಹಿಡಿಯುವ ಚಿತ್ರಗಳೂ ಸೇರಿದಂತೆ, ಈ ಎರಡು ನಾಲಗೆಯನ್ನು ಬಿಡಲಿಲ್ಲ. ಒಂದು ಚಿತ್ರ ಯಾರ ಪರ ಎಂಬುದು ಅದರ ಭಾಷಣಕ್ಕಿಂತ ಮೊದಲು ಅದರ ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದರಿಂದ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ.

ಜಾತಿಯ ಮಾತನ್ನೂ ಇಲ್ಲಿ ಆಡಲೇಬೇಕು. ಹಳ್ಳಿಯ ಕಥೆಗಳಲ್ಲಿ ಜಮೀನ್ದಾರ ಕೂಲಿ ಹೆಣ್ಣನ್ನು ಕೆಡಿಸುವುದು ಮಾಮೂಲಿ ಸನ್ನಿವೇಶ. ಅವಳು ಬಡವಳು ಎಂದು ಸಿನಿಮಾ ಹೇಳುತ್ತದೆ, ಅವಳ ಜಾತಿಯನ್ನು ಹೇಳುವುದಿಲ್ಲ. ಅವನ ಜಾತಿಯನ್ನಂತೂ ಮೊದಲೇ ಹೇಳುವುದಿಲ್ಲ. 1992ರಲ್ಲಿ ರಾಜಸ್ಥಾನದಲ್ಲಿ ಸರ್ಕಾರಿ ಕಾರ್ಯಕ್ರಮವೊಂದರ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಭಂವರಿ ದೇವಿಯವರ ಪ್ರಕರಣದಲ್ಲಿ 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡುತ್ತ, ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಣ್ಣನ್ನು ಮುಟ್ಟಲಾರರು ಎಂಬ ಅರ್ಥದ ಕಾರಣವನ್ನೂ ಕೊಟ್ಟಿತ್ತು. ಆ ಅನ್ಯಾಯದ ವಿರುದ್ಧದ ಹೋರಾಟದಿಂದಲೇ ಕೆಲಸದ ಸ್ಥಳದಲ್ಲಿ ಹೆಂಗಸರ ರಕ್ಷಣೆಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಬಂತು, ಅದರ ಬೆನ್ನಿಗೆ 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಕಾನೂನು ಬಂತು. ಇಷ್ಟು ದೊಡ್ಡ ಕಥೆ ಈ ನೆಲದಲ್ಲಿ ನಡೆದಿದ್ದರೂ ನಮ್ಮ ಮಾಸ್ ಸಿನಿಮಾದ ಕೂಲಿ ಹೆಣ್ಣು ಇಂದಿಗೂ ನಾಯಕನ ಸಿಟ್ಟಿಗೆ ಕಿಡಿ ಹೊತ್ತಿಸುವ ಕೆಲಸವನ್ನಷ್ಟೇ ಮಾಡುತ್ತಾಳೆ.

ಅತ್ಯಾಚಾರದ ದೃಶ್ಯ ಈಗ ಮೊದಲಿನಷ್ಟು ಕಾಣುವುದಿಲ್ಲ. ಆದ್ದರಿಂದ ಕಾಲ ಸುಧಾರಿಸಿದೆ ಎಂದು ಕೆಲವರು ಹೇಳುತ್ತಾರೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಖಳ ಮಾಡುವ ಹಿಂಸೆಯಲ್ಲ, ನಾಯಕ ಮಾಡುವ ಹಿಂಸೆ. ಖಳನನ್ನು ಯಾರೂ ಅನುಕರಿಸಲು ಬಯಸುವುದಿಲ್ಲ. ನಾಯಕನ ಕೇಶವಿನ್ಯಾಸದಿಂದ ಹಿಡಿದು ನಡಿಗೆಯವರೆಗೆ ಎಲ್ಲವನ್ನೂ ನಮ್ಮ ಹುಡುಗರು ಅನುಕರಿಸುತ್ತಾರೆ. ಅವನು ಮಾಡುವುದಾದರೂ ಏನು? ಕಾಲೇಜಿನ ಗೇಟಿನಲ್ಲೋ ಬಸ್ ಸ್ಟಾಪಿನಲ್ಲೋ ಹುಡುಗಿಯನ್ನು ನೋಡುತ್ತಾನೆ, ಆ ಕ್ಷಣಕ್ಕೆ ಅವಳು ‘ನನ್ನ ಹುಡುಗಿ’ ಆಗುತ್ತಾಳೆ. ಬೈಕಿನಲ್ಲಿ ಹಿಂಬಾಲಿಸುತ್ತಾನೆ, ಗೆಳೆಯರ ದಂಡಿನೊಂದಿಗೆ ದಾರಿಗೆ ಅಡ್ಡ ನಿಲ್ಲುತ್ತಾನೆ, ಅವಳ ಮನೆಯ ವಿಳಾಸ, ಫೋನ್ ನಂಬರ್ ಪತ್ತೆ ಮಾಡುತ್ತಾನೆ, ಕೈ ಕೊಯ್ದುಕೊಂಡು ಹೆದರಿಸುತ್ತಾನೆ. ಅವಳು ಬೇಡ ಎನ್ನುತ್ತಾಳೆ, ಬೈಯುತ್ತಾಳೆ, ಕೆನ್ನೆಗೆ ಹೊಡೆಯುತ್ತಾಳೆ. ಅವನ ಗೆಳೆಯರು ನಗುತ್ತಾರೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ, ಇಂಟರ್‌ವಲ್ ಹೊತ್ತಿಗೆ ಅವಳು ಮನಸ್ಸಿನಲ್ಲೇ ಒಲಿದಿರುತ್ತಾಳೆ. ಅವಳ ‘ಬೇಡ’ ಎಂಬ ಮಾತಿಗೆ ಬೆಲೆ ಕೊಟ್ಟು ಹಿಂದೆ ಸರಿದ ನಾಯಕನನ್ನು ನೀವು ಎಷ್ಟು ಚಿತ್ರಗಳಲ್ಲಿ ನೋಡಿದ್ದೀರಿ?

ಹೆಣ್ಣಿನ ಸೊಕ್ಕು ಮುರಿಯುವ ಕಥೆಗೆ ನಮ್ಮಲ್ಲಿ ಹಳೆಯ ವಂಶಾವಳಿಯೇ ಇದೆ. 1989ರ ‘ನಂಜುಂಡಿ ಕಲ್ಯಾಣ’ ಜನ ಮುಗಿಬಿದ್ದು ನೋಡಿದ ಚಿತ್ರ; ಪರ್ವತವಾಣಿಯವರ ನಾಟಕದ ಮೂಲಕ ಅದರ ಬೇರು ಶೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ವರೆಗೆ ಹೋಗುತ್ತದೆ. ಜಗಳಗಂಟಿ, ಗಂಡುಬೀರಿ ಎನಿಸಿಕೊಂಡ ಹೆಣ್ಣನ್ನು ಮದುವೆಯಾಗಿ ಪಳಗಿಸುವುದು ಅದರ ತಿರುಳು. ಹಾಡುಗಳು ಸೊಗಸು, ನಟನೆ ಲವಲವಿಕೆಯದು, ಮನೆಮಂದಿಯೆಲ್ಲ ಕೂತು ನಕ್ಕ ಚಿತ್ರ. ಅದನ್ನು ಹೀನಾಯವಾಗಿ ಕಾಣುವ ಇಚ್ಛೆ ನನಗಿಲ್ಲ. ಆದರೆ ಪಳಗಿಸುವುದು ಎಂದರೆ ಅವಳ ಇಚ್ಛೆಯನ್ನು ಬಗ್ಗಿಸುವುದು ಎಂದೇ ಅರ್ಥ, ಮತ್ತು ಅದನ್ನು ನಗುತ್ತ ನೋಡಿದ ಮನೆಮಂದಿಯಲ್ಲಿ ಹೆಣ್ಣುಮಕ್ಕಳೂ ಇದ್ದರು. ಮದುವೆಯೊಳಗಿನ ಬಲವಂತವನ್ನು ಅಪರಾಧವೆಂದು ಒಪ್ಪಲು ನಮ್ಮ ಕಾನೂನು ಇಂದಿಗೂ ಹಿಂಜರಿಯುತ್ತಿರುವುದನ್ನು ನೆನೆಯಿರಿ. 2022ರ ಮಾರ್ಚ್‌ನಲ್ಲಿ ನಮ್ಮದೇ ಹೈಕೋರ್ಟ್, ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪವನ್ನು ಗಂಡ ಎಂಬ ಕಾರಣಕ್ಕೆ ರದ್ದುಪಡಿಸಲು ನಿರಾಕರಿಸಿ ದೊಡ್ಡ ಹೆಜ್ಜೆ ಇಟ್ಟಿತು; ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗೆ ಕೊಟ್ಟ ವಿನಾಯಿತಿ ಹಾಗೆಯೇ ಉಳಿದಿದೆ.

ಆದರೆ ಹೆಣ್ಣನ್ನು ಹಿಂಬಾಲಿಸುವುದು ಈಗ ಅಪರಾಧ. 2012ರ ಡಿಸೆಂಬರ್ 16ರ ದೆಹಲಿಯ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ಕೊಟ್ಟಿತು. ಆ ವರ್ಷದ ತಿದ್ದುಪಡಿಯಲ್ಲಿ ಹಿಂಬಾಲಿಸುವುದು, ಕದ್ದು ನೋಡುವುದು ಪ್ರತ್ಯೇಕ ಅಪರಾಧಗಳಾದವು. ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಅವಳನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕ ಬೆಳೆಸಲು ಯತ್ನಿಸುವುದು ಎಂಬುದು ಕಾನೂನಿನ ವಿವರಣೆ. ಮೊದಲ ಬಾರಿಗೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಆ ವಿವರಣೆಯನ್ನು ಓದುವಾಗ ಎಷ್ಟೋ ಪ್ರೇಮಕಥೆಗಳ ಮೊದಲಾರ್ಧ ನನ್ನ ಕಣ್ಣಮುಂದೆ ಬಂತು. 2015ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್ ನಗರದ ನ್ಯಾಯಾಲಯದಲ್ಲಿ, ಇಬ್ಬರು ಹೆಂಗಸರನ್ನು ದೀರ್ಘಕಾಲ ಕಾಡಿದ ಭಾರತೀಯ ಯುವಕನೊಬ್ಬನ ಪರವಾಗಿ ಅವನ ವಕೀಲರು, ಈತ ಬಾಲಿವುಡ್ ಚಿತ್ರಗಳನ್ನು ನೋಡುತ್ತ ಬೆಳೆದವನು, ಬಿಡದೆ ಬೆನ್ನು ಹತ್ತಿದರೆ ಹೆಣ್ಣು ಒಲಿಯುತ್ತಾಳೆಂದು ನಂಬಿದವನು ಎಂದು ವಾದಿಸಿದರು. ನ್ಯಾಯಾಲಯ ಆ ಹಿನ್ನೆಲೆಯನ್ನು ಪರಿಗಣಿಸಿ, ಐದು ವರ್ಷ ಸನ್ನಡತೆಯಿಂದ ಇರಬೇಕೆಂಬ ಷರತ್ತಿನ ಮೇಲೆ ಅವನನ್ನು ಜೈಲಿಗೆ ಕಳಿಸದೆ ಬಿಟ್ಟಿತು. ಆ ಇಬ್ಬರು ಹೆಂಗಸರ ಭಯಕ್ಕೆ ಯಾವ ಸಿನಿಮಾದ ನೆಪವನ್ನು ಹೇಳಿ ಸಮಾಧಾನ ಮಾಡಬೇಕು?

ನಮ್ಮ ಹತ್ತಿರದ್ದನ್ನೇ ಹೇಳುವುದಾದರೆ, 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳನ್ನು ಇರಿದು ಕೊಲ್ಲಲಾಯಿತು. ಒಂದು ತಿಂಗಳೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಅವಳ ಮನೆಯೊಳಗೇ ಕೊಲ್ಲಲಾಯಿತು. ಎರಡರಲ್ಲೂ ಹೊರಬಂದ ಆರೋಪ ಒಂದೇ, ಹೆಣ್ಣು ನಿರಾಕರಿಸಿದಳು ಎಂಬುದು. ಕೊಂದವರು ಯಾವ ಸಿನಿಮಾ ನೋಡಿದ್ದರು ಎಂದು ಹುಡುಕುವುದು ವ್ಯರ್ಥ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ಟೀ ಅಂಗಡಿಯಲ್ಲಿ, ಮನೆಯಲ್ಲಿ, ಮೊಬೈಲಿನಲ್ಲಿ ಏಳುವ ಮಾತುಗಳನ್ನು ಕೇಳಿ: ಮೊದಲು ಇವಳೂ ಮಾತಾಡಿಸಿದ್ದಳಂತೆ, ಆಸೆ ಹುಟ್ಟಿಸಿ ಕೈಕೊಟ್ಟಳಂತೆ, ಪಾಪ ಅವನೂ ತುಂಬಾ ಪ್ರೀತಿಸಿದ್ದನಂತೆ. ‘ಕೈಕೊಟ್ಟ ಹುಡುಗಿ’ಯನ್ನು ಬೈಯುವ ಹಾಡುಗಳನ್ನು ನಮ್ಮ ಸಿನಿಮಾ ಎಷ್ಟು ಬಗೆಯಲ್ಲಿ ಕೊಟ್ಟಿದೆ, ಆಟೋಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಅವು ಹೇಗೆ ಮೊಳಗುತ್ತವೆ ಎಂಬುದು ನಿಮಗೇ ಗೊತ್ತು. ಕೊಲೆಯಾದವಳ ಬಗ್ಗೆ ವಿವರಣೆ ಕೇಳುವ ಆ ಧೈರ್ಯ ನಮಗೆ ಅಂಥ ಕಡೆಗಳಿಂದ ಬರುತ್ತದೆ.

ಇದನ್ನು ಅಳೆದು ನೋಡಲು ಸಾಧ್ಯವೇ ಎಂದು ಕೇಳುವವರಿಗೆ ಕೆಲವು ಪ್ರಯೋಗಗಳನ್ನು ನೆನಪಿಸಬಹುದು. 1981ರಲ್ಲಿ ನೀಲ್ ಮಲಮುತ್ ಮತ್ತು ಜೇಮ್ಸ್ ಚೆಕ್ ಎಂಬ ಸಂಶೋಧಕರು ಕೆನಡಾದ ವಿದ್ಯಾರ್ಥಿಗಳಿಗೆ, ಹೆಣ್ಣಿನ ಮೇಲಿನ ಬಲವಂತ ಕೊನೆಗೆ ಒಳ್ಳೆಯದನ್ನೇ ತರುತ್ತದೆಂದು ತೋರಿಸುವ ಸಾಮಾನ್ಯ ಚಿತ್ರಗಳನ್ನು ನೋಡಿಸಿ, ಕೆಲವು ದಿನ ಬಿಟ್ಟು ಸಂಬಂಧವಿಲ್ಲದಂತೆ ಕಾಣುವ ಸಮೀಕ್ಷೆಯಲ್ಲಿ ಅವರ ಅಭಿಪ್ರಾಯ ಕೇಳಿದರು. ಆ ಚಿತ್ರ ನೋಡಿದ ಗಂಡುಮಕ್ಕಳಲ್ಲಿ ಹೆಣ್ಣಿನ ಮೇಲಿನ ಹಿಂಸೆಯನ್ನು ಒಪ್ಪುವ ಮನೋಭಾವ ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ ಹಾಗೆ ಆಗಿರಲಿಲ್ಲ. 1984ರಲ್ಲಿ ಲಿನ್ಜ್, ಡಾನರ್‌ಸ್ಟೈನ್ ಮತ್ತು ಪೆನ್ರಾಡ್ ಎಂಬ ಅಮೆರಿಕದ ವಿದ್ವಾಂಸರು ಹೆಣ್ಣಿನ ಮೇಲಿನ ಹಿಂಸೆ ತುಂಬಿದ ಐದು ಚಿತ್ರಗಳನ್ನು ದಿನಕ್ಕೊಂದರಂತೆ ಯುವಕರಿಗೆ ತೋರಿಸಿದರು. ದಿನ ಕಳೆದಂತೆ ಅವರಿಗೆ ಆ ಚಿತ್ರಗಳಲ್ಲಿ ಹಿಂಸೆ ಕಡಿಮೆ ಕಂಡಿತು. ಕೊನೆಗೆ ಅತ್ಯಾಚಾರದ ವಿಚಾರಣೆಯೊಂದನ್ನು ತೋರಿಸಿದಾಗ ಆ ಹೆಣ್ಣಿಗೆ ಆದ ಹಾನಿಯನ್ನು ಅವರು ಇತರರಿಗಿಂತ ಕಡಿಮೆ ಎಂದು ಅಂದಾಜಿಸಿದರು. ಬೇರೆ ದೇಶದ, ಸಣ್ಣ ಗುಂಪುಗಳ ಪ್ರಯೋಗಗಳಿವು. ಇವುಗಳಿಂದ ನಮ್ಮ ಇಡೀ ಸಮಾಜವನ್ನು ಅಳೆಯಲಾಗದು. ಆದರೂ ನನ್ನ ಗಮನ ಹೋಗುವುದು ಎರಡನೆಯ ಪ್ರಯೋಗದ ಆ ಕೊನೆಯ ಭಾಗಕ್ಕೆ. ಆ ಯುವಕರು ಯಾರನ್ನೂ ಮುಟ್ಟಲಿಲ್ಲ. ನ್ಯಾಯ ಹೇಳುವ ಜಾಗದಲ್ಲಿ ಕೂತಾಗ ಅವರ ಮನಸ್ಸು ಸ್ವಲ್ಪ ಗಟ್ಟಿಯಾಗಿತ್ತು, ಅಷ್ಟೆ.

ಆ ಜಾಗದಲ್ಲಿ ಕೂತವರು ಸಿನಿಮಾದ ಕ್ಲೈಮ್ಯಾಕ್ಸನ್ನೇ ಆದೇಶವಾಗಿ ಬರೆದ ಉದಾಹರಣೆಯೂ ಇದೆ. 2020ರ ಜುಲೈನಲ್ಲಿ ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠ, ನೆರೆಮನೆಗೆ ನುಗ್ಗಿ ಹೆಣ್ಣಿನ ಮಾನಕ್ಕೆ ಕೈಹಾಕಿದ ಆರೋಪಿಗೆ ಜಾಮೀನು ಕೊಡುತ್ತ, ರಕ್ಷಾಬಂಧನದ ದಿನ ಸಿಹಿ ತೆಗೆದುಕೊಂಡು ಅವಳ ಮನೆಗೆ ಹೋಗಿ, ರಾಖಿ ಕಟ್ಟುವಂತೆ ಕೇಳಿಕೊಂಡು, ಅಣ್ಣನಾಗಿ ಕಾಪಾಡುವೆನೆಂದು ಮಾತು ಕೊಟ್ಟು, 11,000 ರೂಪಾಯಿ ಉಡುಗೊರೆ ನೀಡಬೇಕೆಂಬ ಷರತ್ತು ಹಾಕಿತು. ತನ್ನ ಮೇಲೆರಗಿದವನನ್ನು ಮತ್ತೆ ಅದೇ ಹೊಸ್ತಿಲೊಳಗೆ ಕರೆದು ಆರತಿ ಎತ್ತಬೇಕಾದ ಆ ಹೆಣ್ಣಿನ ಸ್ಥಿತಿಯನ್ನು ಊಹಿಸಿಕೊಳ್ಳಿ. 2021ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಈ ಷರತ್ತನ್ನು ರದ್ದುಮಾಡಿ, ಇಂಥ ಪ್ರಕರಣಗಳಲ್ಲಿ ರಾಜಿ, ಮದುವೆಗಳ ಸಲಹೆ ಕೊಡಬಾರದು, ಒಳ್ಳೆಯ ಹೆಂಗಸರು ಹೀಗಿರುತ್ತಾರೆ ಎಂಬಂಥ ಪೂರ್ವಗ್ರಹಗಳನ್ನು ಆದೇಶಗಳಲ್ಲಿ ಬರೆಯಬಾರದು ಎಂದು ಎಲ್ಲ ನ್ಯಾಯಾಲಯಗಳಿಗೂ ಸೂಚಿಸಿತು. ಕೆಡಿಸಿದವನೇ ತಾಳಿ ಕಟ್ಟಲಿ ಎಂದು ಪಂಚಾಯಿತಿ ಕಟ್ಟೆಯಲ್ಲಿ ನಾಯಕನೇ ತೀರ್ಪು ಹೇಳಿ ಚಪ್ಪಾಳೆ ಗಿಟ್ಟಿಸಿದ ಚಿತ್ರಗಳನ್ನು ನೋಡಿ ಬೆಳೆದ ನಮಗೆ ಈ ಸೂಚನೆ ಬೇಕಾಗಿತ್ತು.

ಹಾಗಾದರೆ ಸೆನ್ಸಾರ್ ಮಂಡಳಿ ಏನು ಮಾಡುತ್ತಿದೆ ಎಂಬ ಪ್ರಶ್ನೆ ಬರುತ್ತದೆ. 1991ರ ಮಾರ್ಗಸೂಚಿಗಳಲ್ಲಿ, ಹೆಣ್ಣನ್ನು ಕೀಳುಗಳೆಯುವ ದೃಶ್ಯ ಇರಬಾರದು, ಅತ್ಯಾಚಾರದಂಥ ದೃಶ್ಯ ಕಥೆಗೆ ಅನಿವಾರ್ಯವಾದರೆ ಅದನ್ನು ಕನಿಷ್ಠಕ್ಕೆ ಇಳಿಸಿ ವಿವರ ತೋರಿಸದಿರಬೇಕು ಎಂದು ಸ್ಪಷ್ಟವಾಗಿಯೇ ಬರೆದಿದೆ. ಆದರೆ ಕತ್ತರಿಗೆ ಚರ್ಮ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ನಾಯಕ ನಾಯಕಿಯ ಕೈ ಹಿಡಿದೆಳೆದು ಕೆನ್ನೆಗೆ ಬಾರಿಸಿ ‘ಹೆಣ್ಣು ಹೆಣ್ಣಿನ ಥರ ಇರಬೇಕು’ ಎಂದು ಪಾಠ ಹೇಳುವ ದೃಶ್ಯ ಎಲ್ಲ ವಯಸ್ಸಿನವರಿಗೂ ಸಲ್ಲುತ್ತದೆ. ಫೂಲನ್ ದೇವಿಯ ಬದುಕನ್ನು ಆಧರಿಸಿದ ‘ಬ್ಯಾಂಡಿಟ್ ಕ್ವೀನ್’ ಚಿತ್ರದ ವಿವಾದದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿ ಮುಖ್ಯ: ಆ ಚಿತ್ರದ ನಗ್ನತೆ ಮತ್ತು ಅತ್ಯಾಚಾರದ ದೃಶ್ಯಗಳು ನೋಡುಗನಲ್ಲಿ ಕಾಮವನ್ನು ಕೆರಳಿಸುವುದಿಲ್ಲ, ಕೃತ್ಯ ಎಸಗಿದವರ ಬಗ್ಗೆ ಜುಗುಪ್ಸೆಯನ್ನೂ ಅವಳ ಬಗ್ಗೆ ಸಂಕಟವನ್ನೂ ಹುಟ್ಟಿಸುತ್ತವೆ ಎಂದು ನ್ಯಾಯಾಲಯ ಗುರುತಿಸಿತು. ನಿಷೇಧದ ದಾರಿಯಲ್ಲಿ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ. ಒಂದೇ ಕತ್ತರಿಯಿಂದ ಎರಡನ್ನೂ ಕತ್ತರಿಸಲು ಹೊರಟರೆ ಮೊದಲು ಬಲಿಯಾಗುವುದು ಸತ್ಯ ಹೇಳುವ ಚಿತ್ರ.

ಕನ್ನಡದಲ್ಲಿ ಬೇರೆ ದಾರಿ ಇರಲಿಲ್ಲವೆಂದಲ್ಲ. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ‘ಶರಪಂಜರ’ ಅತ್ಯಾಚಾರವನ್ನು ಕುರಿತ ಚಿತ್ರವಲ್ಲ, ಆದರೆ ಅದರಿಂದ ಕಲಿಯಬೇಕಾದ್ದು ಬಹಳ ಇದೆ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಒಳಗಾದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ, ಗಂಡ, ನೆರೆಹೊರೆ ಅವಳ ಪ್ರತಿ ಮಾತಿನಲ್ಲೂ ಹುಚ್ಚನ್ನೇ ಹುಡುಕುತ್ತಾರೆ. ಕಲ್ಪನಾ ಅವರ ಮುಖದ ಮುಂದೆ ಕ್ಯಾಮೆರಾ ತಾಳ್ಮೆಯಿಂದ ನಿಲ್ಲುತ್ತದೆ, ಅವಳನ್ನು ಬಿಟ್ಟು ಬೇರೆಯವರ ಶಪಥದ ಹಿಂದೆ ಓಡುವುದಿಲ್ಲ. ಘಟನೆ ಮುಗಿದ ಮೇಲೆ ಹೆಣ್ಣಿನ ಬದುಕು ಶುರುವಾಗುತ್ತದೆ ಮತ್ತು ಸುತ್ತಲಿನವರ ನೋಟವೇ ಅವಳನ್ನು ಎರಡನೆಯ ಬಾರಿ ಕೊಲ್ಲುತ್ತದೆ ಎಂಬುದನ್ನು ಅದು ತುಂಬಿದ ಥಿಯೇಟರುಗಳಿಗೆ ತೋರಿಸಿತು. ಜನ ನೋಡುವುದಿಲ್ಲ ಎಂಬ ಗಾಂಧಿನಗರದ ಹಳೆಯ ಮಾತಿಗೆ ನಮ್ಮಲ್ಲೇ ಉತ್ತರವಿದೆ.

ದೃಶ್ಯ ತಯಾರಾಗುವ ಜಾಗವೂ ಹೆಣ್ಣಿಗೆ ಕೆಲಸದ ಜಾಗ ಎಂಬುದನ್ನು ಇಷ್ಟು ದಿನ ಯಾರೂ ಗಂಭೀರವಾಗಿ ಎಣಿಸಿರಲಿಲ್ಲ. 2017ರಲ್ಲಿ ಕೇರಳದಲ್ಲಿ ನಟಿಯೊಬ್ಬರ ಮೇಲೆ ನಡೆದ ದಾಳಿಯ ನಂತರ, ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿಗತಿ ಅರಿಯಲು ನೇಮಕವಾದ ನ್ಯಾಯಮೂರ್ತಿ ಹೇಮಾ ಸಮಿತಿ 2019ರ ಕೊನೆಯಲ್ಲಿ ವರದಿ ಕೊಟ್ಟಿತು. ಅದು ಜನರ ಕೈಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಅದರ ಮರುತಿಂಗಳು ಕನ್ನಡ ಚಿತ್ರರಂಗದ ಕಲಾವಿದರು, ಬರಹಗಾರರು, ತಂತ್ರಜ್ಞರು ಚಿತ್ರರಂಗದವರ ಹಕ್ಕು, ಸಮಾನತೆಗಾಗಿ ಇರುವ ‘ಫೈರ್’ ಸಂಸ್ಥೆಯ ಮೂಲಕ ಇಲ್ಲಿಯೂ ಅಂಥದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಸಲ್ಲಿಸಿದರು. ಸೆಟ್ಟಿನಲ್ಲಿ ಬೇಡ ಎನ್ನಲು ಹೆದರುವ ನಟಿಯಿಂದ ತೆರೆಯ ಮೇಲೆ ಬೇಡ ಎನ್ನುವ ಹೆಣ್ಣನ್ನು ಗೌರವದಿಂದ ಮೂಡಿಸುವುದು ಕಷ್ಟ. ಈ ಬೇಡಿಕೆಗೆ ನಮ್ಮ ಪ್ರೇಕ್ಷಕರು ಇನ್ನೂ ದನಿ ಸೇರಿಸಿಲ್ಲವೆಂಬ ನೋವು ನನಗಿದೆ.

ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರು ಕಿರುಚಿತ್ರ ಮಾಡುತ್ತೀರಿ, ನಾಳೆ ಧಾರಾವಾಹಿಗೆ, ಸಿನಿಮಾಕ್ಕೆ ಬರೆಯುತ್ತೀರಿ. ಆದ್ದರಿಂದ ಒಂದು ಕೆಲಸದ ಮಾತನ್ನು ಹೇಳುತ್ತೇನೆ. ಅಂಥ ಘಟನೆಯನ್ನು ಬರೆಯಬೇಕಾಗಿ ಬಂದರೆ, ಮರುದಿನ ಬೆಳಿಗ್ಗೆ ಅವಳನ್ನು ಬದುಕಿಸಿಡಿ ಮತ್ತು ಅವಳ ಜೊತೆ ಹೋಗಿ. ಅವಳು ಹೋಗುವ ಆಸ್ಪತ್ರೆ, ಅದು ಸರ್ಕಾರದ್ದಾಗಲಿ ಖಾಸಗಿಯಾಗಲಿ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸಿದರೆ ಅದು ಶಿಕ್ಷಾರ್ಹ ಅಪರಾಧ. ಘಟನೆ ನಡೆದ ಊರು ಬೇರೆಯಾದರೂ ಯಾವ ಠಾಣೆಯಾದರೂ ದೂರನ್ನು ದಾಖಲಿಸಿಕೊಳ್ಳಬೇಕು, ದಾಖಲಿಸದ ಅಧಿಕಾರಿಗೂ ಶಿಕ್ಷೆ ಇದೆ. ಅವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಹೆಣ್ಣಿಗೆ ಮೊದಲೇ ಲೈಂಗಿಕ ಅನುಭವವಿತ್ತೇ ಎಂದು ನೋಡಲು ಗುಪ್ತಾಂಗದಲ್ಲಿ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಮಾಡುವ ಹಾಗಿಲ್ಲ. ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ. ಜಿಲ್ಲೆಗಳಲ್ಲಿ ನೊಂದ ಹೆಂಗಸರಿಗೆ ಒಂದೇ ಕಡೆ ನೆರವು ನೀಡುವ ಸಖಿ ಕೇಂದ್ರಗಳಿವೆ, 181 ಸಹಾಯವಾಣಿ ಇದೆ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಅವಳ ಮಾತನ್ನು ತಳ್ಳಿಹಾಕುವಂತಿಲ್ಲವೆಂದು 1996ರಲ್ಲೇ ತೀರ್ಪು ಬಂದಿದೆ. ಈ ಯಾವುದನ್ನೂ ನಮ್ಮ ಜನಪ್ರಿಯ ಸಿನಿಮಾ ಮನಸ್ಸಿಟ್ಟು ತೋರಿಸಿದ್ದು ನನಗೆ ನೆನಪಿಲ್ಲ. ಊರೂರಿನ ಹೆಣ್ಣುಮಕ್ಕಳಿಗೆ ಇವು ಗೊತ್ತಿಲ್ಲದಿರುವುದಕ್ಕೆ ಅದೂ ಒಂದು ಕಾರಣ. ಪ್ರಶ್ನೆಗಳಿಗೆ ಸಮಯವಿದೆ, ಕೇಳಿ.